ಎರಡನೇ ಅಂಗೈ

ಊರಿನ ಕೋವಿಗಳೆಲ್ಲ ಪಂಚಾಯಿತಿ ಕಪಾಟಿನಲ್ಲಿರುತ್ತಿದ್ದವು. ಬೀಗ ತೆರೆಯಲು ಒಡೆಯನ ಅಂಗೈಯ ಜೊತೆ ಊರಿನ ಇನ್ನೊಬ್ಬರ ಅಂಗೈಯೂ ಬೇಕು. ಆ ಇನ್ನೊಬ್ಬರು ಯಾರೆಂಬುದು ಒಡೆಯನನ್ನು ಬಿಟ್ಟು ಬೇರೆಯವರಿಗೆ ಗುಟ್ಟಾಗಿರುತ್ತಿತ್ತು.

ಹೋದ ತಿಂಗಳು ನೆರೆಮನೆಯ ಸೋಮಯ್ಯ ತನ್ನ ಕೋವಿ ತೆಗೆಯಲು ಕರೆದಾಗ ಬೋಜಮ್ಮ ಟೀಚರ್ ಶಾಲೆಗೆ ಹೊರಟ ಅವಸರದಲ್ಲಿದ್ದರು. ಕೋವಿ ಏಕೆಂದೂ ಕೇಳದೆ ಬೀಗಕ್ಕೆ ಅಂಗೈ ಒತ್ತಿದರು. ಅರ್ಧ ಗಂಟೆಯಲ್ಲಿ ಅವನು ಬೇಲಿಯ ಜಗಳಕ್ಕೆ ಸ್ವಂತ ತಮ್ಮನನ್ನೇ ಕೊಂದ.

ಇಂದಿನ ಗ್ರಾಮಸಭೆಯಲ್ಲಿ ಮೂರನೇ ಅಂಗೈ ಬೇಕೇ ಎಂಬ ಚರ್ಚೆ.

"ಕಾಡುಹಂದಿ ಗದ್ದೆಗಿಳಿದಾಗ ಮೂರು ಜನರನ್ನ ಎಲ್ಲಿ ಹುಡುಕೋದು?" ಎಂದರು ಹಿರಿಯರಾದ ಉತ್ತಯ್ಯ. "ತಪ್ಪು ಕೋವೀದಲ್ಲ, ಮನುಷ್ಯಂದು."

ಬೋಜಮ್ಮ ಎದ್ದು ನಿಂತರು. "ಅವತ್ತು ಬೀಗಕ್ಕೆ ಕೈ ಒತ್ತಿದ್ದು ನಾನು. ಒಂದು ಮಾತೂ ಕೇಳಲಿಲ್ಲ."

ಸತ್ತವನ ಹೆಂಡತಿ ದೇಚಮ್ಮ ನಿಧಾನವಾಗಿ ಅವರತ್ತ ತಿರುಗಿದಳು.

"ಭಾವ ಬೆಳಿಗ್ಗೆಯಿಂದ ಬೇಲಿ ಹತ್ರ ಕೂಗಾಡ್ತಿದ್ರು ಟೀಚರ್. ನಮ್ಮನೇಲಿ ಎಲ್ಲರಿಗೂ ಗೊತ್ತಿತ್ತು. ಮೂರನೇ ಕೈ ಕೋವಿ ಇರೋರ ಕುಟುಂಬದ ಹೆಂಗಸರದ್ದಿರಲಿ. ನನ್ನನ್ನ ಕೇಳಿದ್ರೆ ನಾನು ಒತ್ತುತ್ತಿರಲಿಲ್ಲ."

ಹಾಗಾದರೆ ಮೂರನೆಯವರನ್ನು ಹುಡುಕಬೇಕಿಲ್ಲ ಎಂದು ಉತ್ತಯ್ಯನವರೇ ಮೊದಲು ಒಪ್ಪಿದರು. ಬೋಜಮ್ಮ ಕೂರಲೂ ಆಗದೆ, ದೇಚಮ್ಮನ ಮುಖ ನೋಡಲೂ ಆಗದೆ ನಿಂತೇ ಇದ್ದರು.