ಮರಳುವ ದಿನಾಂಕ

ಕೆಂಪು ಚುಕ್ಕೆ ಮೂಡಿದ್ದು ಸ್ವಂತ ಅಣ್ಣನ ಹೆಸರಿನ ಮುಂದೆ! ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶಗಳ ವಿವರ ತುಂಬಲು ಪವಿತ್ರ ಹೊಸ ನಮೂನೆಯೊಂದನ್ನು ರೂಪಿಸಿದ್ದಳು. ತಂತ್ರಾಂಶ ನೋಡಿಕೊಳ್ಳುವವರು ಮೂರು ತಿಂಗಳು ಉತ್ತರಿಸದಿದ್ದರೆ ‘ಕೈಬಿಡಲಾಗಿದೆ’ ಎಂಬ ಕೆಂಪು ಗುರುತು ಬೀಳಬೇಕೆಂದು ನಿಯಮ ಬರೆದವಳೂ ಅವಳೇ. ಈಗ ಗೋಪಾಲಣ್ಣ ನೋಡಿಕೊಳ್ಳುವ ಕನ್ನಡ ನಿಘಂಟಿನ ತಂತ್ರಾಂಶಕ್ಕೇ ಅದು ಬಿದ್ದಿತ್ತು.

ಬರಗೂರಿನಿಂದ ಫೋನ್ ಮಾಡಿದಳು. ಆ ಕಡೆ ಕುರಿಗಳ ಅರಚಾಟ. “ಕೈಬಿಟ್ಟಿಲ್ಲ ಕಣಮ್ಮ, ಕುರಿ ಹೊಡ್ಕೊಂಡು ದೂರ ಬಂದ್ಬುಟ್ಟಿವ್ನಿ. ಸಿಗ್ನಲ್ ಸಿಕ್ಕಿದ್ದೇ ಇವತ್ತು.”

“ಯಾವಾಗ ಬತ್ತೀಯಣ್ಣ? ತಾರೀಕು ಹಾಕ್ಬೇಕು.”

“ಮಳೆ ಬಿದ್ಮೇಲೆ.”

ಪವಿತ್ರ ನಮೂನೆಗೆ ‘ಮರಳುವ ದಿನಾಂಕ’ ಎಂಬ ಅಂಕಣ ಸೇರಿಸಿ, ಅಣ್ಣ ಹೇಳಿದ್ದನ್ನೇ ಟೈಪಿಸಿದಳು. ಇದು ದಿನಾಂಕವಲ್ಲ ಎಂದಿತು ಪರದೆ. ಅವಳು ಕಿಟಕಿಯಾಚೆಯ ಮೋಡವಿಲ್ಲದ ಬಾನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ದಿನಾಂಕದ ಅಂಕಣವನ್ನೇ ಅಳಿಸಿ, ‘ಮರಳುವುದು ಯಾವಾಗ’ ಎಂಬ ಹೊಸದನ್ನು ಸೇರಿಸಿ, ‘ಮಳೆ ಬಿದ್ಮೇಲೆ’ ಎಂದು ತುಂಬಿದಳು.

ಚುಕ್ಕೆ ಹಸಿರಾಯಿತು.