ಉಸಿರಿನಷ್ಟು ವೇಗ

ಬಳ್ಳಾರಿಯ ಎಲ್ಲ ಕಟ್ಟಡಗಳಲ್ಲೂ ಮೂರನೇ ಮಹಡಿಯಿಂದ ಎಂಟರವರೆಗೆ ವಿಷದ ಧೂಳು ಬೀಡುಬಿಟ್ಟು ವರ್ಷಗಳಾಗಿದ್ದವು. ಅಷ್ಟು ದೂರ ಲಿಫ್ಟಿನಲ್ಲಿ ಎಲ್ಲರೂ ಉಸಿರು ಬಿಗಿಹಿಡಿಯುತ್ತಿದ್ದರು. ಹತ್ತನೇ ಮಹಡಿಯ ಹೊಸ ಶಿಶುವಿಹಾರಕ್ಕೆ ಎಸ್ಟಿಮೇಟ್ ಮಾಡಿದ ಎಂಜಿನಿಯರ್ ನಾಗವೇಣಿ ಅತಿ ವೇಗದ ಲಿಫ್ಟನ್ನೇ ಸೇರಿಸಿದ್ದಳು. ಅವಳ ಕಚೇರಿಗೆ ಬಂದ ಬಿಲ್ಡರ್ ಪಂಪಾಪತಿ ಅದನ್ನು ಪಟ್ಟಿಯಿಂದ ಹೊಡೆದುಹಾಕಿದ.

“ನಿಧಾನದ್ದು ಹಾಕ್ರೀ ಮೇಡಂ. ಅಗ್ಗ ಆಗ್ತೈತಿ.”

“ಹಂಗಾದ್ರ ಅದು ಧೂಳು ದಾಟೋತನಕ ನೀವು ಉಸಿರು ಹಿಡೀರಿ ಸರ್,” ಎಂದು ಅವಳು ಗಡಿಯಾರ ನೋಡತೊಡಗಿದಳು.

ಆತ ನಗುತ್ತಲೇ ಉಸಿರು ಹಿಡಿದ.

“ಈಗ ಐದನೇ ಮಹಡಿ,” ಎಂದಳು.

ಆರು ಎನ್ನುವಷ್ಟರಲ್ಲಿ ಆತ ಕೆಮ್ಮುತ್ತ ಮೇಜಿನ ಮೇಲೆ ಕುಸಿದ. ಅವಳಿಗೆ ತುಸು ಸಮಾಧಾನವಾಯಿತು.

ಪಂಪಾಪತಿ ನೀರು ಕುಡಿದು ಬಾಯಿ ಒರೆಸಿಕೊಂಡ. “ನನಗ ವಯಸ್ಸಾತ್ರೀ. ಸಣ್ಣ ಮಕ್ಕಳು ಏನಿದ್ರೂ ಲಗೂನ ಕಲೀತಾವ.”

ಆತ ತಿದ್ದಿದ ಎಸ್ಟಿಮೇಟಿಗೆ ನಾಗವೇಣಿ ಸಹಿ ಹಾಕಲಿಲ್ಲ. ಪಕ್ಕದ ಮೇಜಿನ ಸಹೋದ್ಯೋಗಿ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದ.