ಮೆಟ್ಟಿಲು ಗುರುತಿಸಿದ ಪಾದ

ರಾಜಧಾನಿಯ ಕಲ್ಲಿಗೆ ನೆನಪುಂಟು. ಕಾಲಿಟ್ಟವರು ಹಿಂದೆ ಎಷ್ಟು ಸಲ ತುಳಿದಿದ್ದರೋ ಅಷ್ಟು ಬೆಳಗುತ್ತದೆ. ಶಾಸನಸಭೆಯ ಮೆಟ್ಟಿಲು ಹತ್ತಲು ಪ್ರವಾಸಿಗರು ಬರಿಗಾಲಲ್ಲಿ ಸಾಲುಗಟ್ಟಿದ್ದರು.

"ಮೊನ್ನೆ ಮಂತ್ರಿಗಳು ಹತ್ತಿದಾಗ ಮಿಣುಕುಹುಳದಷ್ಟು ಬೆಳಕು ಬಂತು. ಪಾಪ, ಅವರದು ಲಿಫ್ಟಿನ ಓಡಾಟ!" ಎಂದು ಗೈಡು ನಗಿಸುತ್ತಿದ್ದ.

ಸಾಲಿನಲ್ಲಿದ್ದ ಓಬಳೇಶ ತಾಯಿ ಹೊನ್ನೂರಮ್ಮನ ಕಿವಿಯಲ್ಲಿ ಪಿಸುಗುಟ್ಟಿದ: "ನೀನು ಇಲ್ಲೇ ಕುಂದ್ರವ್ವ. ಹತ್ತಿದ್ರೆ ಗುಟ್ಟು ರಟ್ಟಾಗುತ್ತೆ." ಅಜ್ಜಿ ಊರು ಬಿಟ್ಟು ಕದಲಿದವಳೇ ಅಲ್ಲವೆಂದು ಮಗಳು ಮೋನಿಕಾಗೆ ಅವನು ಹೇಳಿಟ್ಟಿದ್ದ.

"ನಿನ್ನ ಓದಿಸಿದ್ದು ಈ ಮೆಟ್ಟಿಲೇ ಕಣಲೇ. ಮಾತಾಡಿಸದೆ ಹೋಗ್ಲಾ?" ಎಂದ ಹೊನ್ನೂರಮ್ಮ ಕಾಲಿಟ್ಟೇಬಿಟ್ಟಳು. ಕಲ್ಲು ಹೊತ್ತಿಕೊಂಡ ರಭಸಕ್ಕೆ ಸಾಲಿನವರೆಲ್ಲ ಕಣ್ಣಿಗೆ ಕೈ ಅಡ್ಡ ಹಿಡಿದರು.

ಗೈಡು ಕೈಮುಗಿದ. "ತಾಯೀ, ತಾವು ಯಾವ ಇಲಾಖೆ ಮಂತ್ರಿಗಳಾಗಿದ್ರಿ?"

"ಮಂತ್ರಿಗಳು ಐದು ವರ್ಷಕ್ಕೆ ಗಂಟುಮೂಟೆ ಕಟ್ತಾರಪ್ಪ. ನಾನು ಮೂವತ್ತು ವರ್ಷ ಈ ಮೆಟ್ಟಿಲು ಗುಡಿಸಿ ಒರೆಸಿದೋಳು."

ಓಬಳೇಶ ತಲೆ ತಗ್ಗಿಸಿದ. ಮೋನಿಕಾ ಮಾತ್ರ ಸಾಲಿನತ್ತ ತಿರುಗಿ, "ನಮ್ಮಜ್ಜಿ! ಅದು ನಮ್ಮಜ್ಜಿ!" ಎಂದು ಕೂಗಿದಳು.

ಹೊನ್ನೂರಮ್ಮ ಸೆರಗು ಸರಿಮಾಡಿಕೊಂಡಳು. ಜೀವಮಾನದಲ್ಲೇ ಮೊದಲ ಸಲ, ಪೊರಕೆಯಿಲ್ಲದ ಕೈ ಬೀಸುತ್ತ, ಮೆಟ್ಟಿಲ ನಟ್ಟನಡುವೆ ಹತ್ತಿದಳು.